ಹತ್ತು ಬೆರಳಚ್ಚಿನಿಂದ ಮಿದುಳು ಓದುವ ಡಿಎಂಐಟಿ: ದುಡ್ಡು ಕೊಡುವ ಮುನ್ನ

ಬೇಸಿಗೆ ರಜೆ ಹತ್ತಿರವಾದಾಗ, ಇಲ್ಲವೇ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ, ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಓಡಾಡಲು ಶುರುವಾಗುತ್ತದೆ. ಮಗುವಿನ ಹತ್ತು ಬೆರಳಚ್ಚು ಕೊಡಿ, ಹುಟ್ಟಿನಿಂದಲೇ ಬಂದ ಪ್ರತಿಭೆ ಯಾವುದೆಂದು ತಿಳಿಯಿರಿ ಎನ್ನುವುದು ಅದರ ಸಾರ. ಸೇವೆಯ ಹೆಸರು ಡಿಎಂಐಟಿ, ಬಿಡಿಸಿ ಹೇಳಿದರೆ ಡರ್ಮಟೊಗ್ಲಿಫಿಕ್ಸ್ ಮಲ್ಟಿಪಲ್ ಇಂಟೆಲಿಜೆನ್ಸ್ ಟೆಸ್ಟ್, ಅಂದರೆ ಚರ್ಮದ ಗೆರೆ ನೋಡಿ ಬಗೆಬಗೆಯ ಬುದ್ಧಿಶಕ್ತಿ ಅಳೆಯುತ್ತೇವೆನ್ನುವ ಪರೀಕ್ಷೆ. ಕೆಲವು ಸಾವಿರ ರೂಪಾಯಿ ಶುಲ್ಕ, ಸ್ವಲ್ಪ ಹೊತ್ತಿನ ಸ್ಕ್ಯಾನಿಂಗ್, ಕೆಲವು ದಿನಗಳಲ್ಲಿ ಬಣ್ಣದ ಚಿತ್ರಗಳಿರುವ ದಪ್ಪ ವರದಿ, ಕೊನೆಗೆ ಒಂದು ಕೌನ್ಸೆಲಿಂಗ್. ಇದು ಒಂದೇ ಕಂಪನಿಯ ಸರಕಲ್ಲ. ಬೇರೆ ಬೇರೆ ಹೆಸರಿನಲ್ಲಿ, ಫ್ರ್ಯಾಂಚೈಸಿಗಳ ಮೂಲಕ, ಹೆಚ್ಚುಕಡಿಮೆ ಒಂದೇ ಬಗೆಯ ಸಾಫ್ಟ್‌ವೇರಿನಿಂದ ಬರುವ ಸೇವೆ. ಹಾಗಾಗಿ ಇಲ್ಲಿ ನೋಡುತ್ತಿರುವುದು ಒಂದು ಅಂಗಡಿಯನ್ನಲ್ಲ, ಈ ಪರೀಕ್ಷೆಯನ್ನೇ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ ದುಡ್ಡು ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ, ಆ ವರದಿಯನ್ನು ನಂಬಿ ಮಗುವಿನ ಓದು, ವಿಷಯದ ಆಯ್ಕೆ, ಸಂಗೀತದ ಪಾಠ, ಯಾವುದನ್ನೂ ಸೇರಿಸಬೇಡಿ, ಬಿಡಿಸಬೇಡಿ. ಭಾರತೀಯ ಮನೋವೈದ್ಯರ ಸಂಘವೂ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಹೇಳಿದೆ. ಆದರೆ ಯಾರೋ ದೊಡ್ಡವರು ಹೇಳಿದರು ಎಂಬುದಷ್ಟೇ ಕಾರಣವಾಗಬಾರದು. ವರದಿಯ ಯಾವ ಪುಟದಲ್ಲಿ ಲೆಕ್ಕ ಹಳಿ ತಪ್ಪುತ್ತದೆ ಎಂಬುದನ್ನು ಪೋಷಕರೇ ಕಂಡುಕೊಳ್ಳಬಹುದು.

ಸ್ಕ್ಯಾನಿಂಗ್ ನಡೆಯುವುದು ಹೀಗೆ. ಬೆರಳಚ್ಚು ಹಾಜರಾತಿಗೆ ಬಳಸುವಂಥ ಪುಟ್ಟ ಸ್ಕ್ಯಾನರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿರುತ್ತಾರೆ. ಒಂದೊಂದು ಬೆರಳನ್ನೂ ನೇರವಾಗಿ ಒಮ್ಮೆ, ಎಡಕ್ಕೆ ಹೊರಳಿಸಿ ಒಮ್ಮೆ, ಬಲಕ್ಕೆ ಹೊರಳಿಸಿ ಒಮ್ಮೆ ಒತ್ತಿಸುತ್ತಾರೆ. ಗೆರೆಗಳು ಮೂರು ದಿಕ್ಕಿಗೆ ಕವಲೊಡೆಯುವ ಜಾಗಕ್ಕೆ ಡೆಲ್ಟಾ ಎಂದು ಹೆಸರು. ಅದು ಬೆರಳಿನ ಅಂಚಿನಲ್ಲಿರುವುದರಿಂದ ಹೊರಳಿಸದೆ ಸಿಗುವುದಿಲ್ಲ. ಕೆಲವರು ಅಂಗೈಯ ಫೋಟೊವನ್ನೂ ತೆಗೆದು ಎಟಿಡಿ ಕೋನ ಅಳೆಯುತ್ತಾರೆ. ತೋರುಬೆರಳಿನ ಬುಡದ ಡೆಲ್ಟಾದಿಂದ ಮಣಿಕಟ್ಟಿನ ಬಳಿಯ ಡೆಲ್ಟಾಕ್ಕೆ ಒಂದು ಗೆರೆ, ಅಲ್ಲಿಂದ ಕಿರುಬೆರಳಿನ ಬುಡದ ಡೆಲ್ಟಾಕ್ಕೆ ಇನ್ನೊಂದು ಗೆರೆ, ನಡುವೆ ಬರುವುದು ಆ ಕೋನ.

ಬೆರಳ ತುದಿಯ ಗುರುತುಗಳಲ್ಲಿ ಮುಖ್ಯವಾಗಿ ಮೂರು ಬಗೆ. ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳ ಕೈ ಹಿಡಿದು ಎಷ್ಟು ಚಕ್ರ, ಎಷ್ಟು ಶಂಖ ಎಂದು ಎಣಿಸುತ್ತಿದ್ದುದು ಇವನ್ನೇ. ಗೆರೆಗಳು ಸುತ್ತಿಕೊಂಡಿದ್ದರೆ ಚಕ್ರ. ಒಂದು ಕಡೆಯಿಂದ ಬಂದು ಬಾಗಿ ಅದೇ ಕಡೆಗೆ ಮರಳಿದರೆ ಶಂಖ. ಗುಡ್ಡದಂತೆ ಏರಿ ಆಚೆ ಬದಿಗೆ ಇಳಿದರೆ ಕಮಾನು. ಶಂಖಕ್ಕೆ ಒಂದು ಡೆಲ್ಟಾ, ಚಕ್ರಕ್ಕೆ ಎರಡು, ಸಾದಾ ಕಮಾನಿಗೆ ಒಂದೂ ಇಲ್ಲ. ನಡುಬಿಂದುವಿನಿಂದ ಡೆಲ್ಟಾದವರೆಗೆ ಒಂದು ನೇರ ಗೆರೆ ಎಳೆದು, ಅದು ಎಷ್ಟು ಏಣುಗಳನ್ನು, ಅಂದರೆ ಚರ್ಮದ ಉಬ್ಬುಗೆರೆಗಳನ್ನು, ದಾಟುತ್ತದೆ ಎಂದು ಎಣಿಸಿದರೆ ಆ ಬೆರಳಿನ ಏಣೆಣಿಕೆ. ಹತ್ತು ಬೆರಳಿನದನ್ನು ಕೂಡಿಸಿದರೆ ಒಟ್ಟು ಏಣೆಣಿಕೆ, ವರದಿಯಲ್ಲಿ ಟಿಎಫ್ಆರ್‌ಸಿ ಎಂದು ಬರೆದಿರುವ ಅಂಕಿ.

ಇಲ್ಲಿಯವರೆಗಿನದು ನಿಜವಾದ ವಿದ್ಯೆ. ಅದಕ್ಕೆ ಡರ್ಮಟೊಗ್ಲಿಫಿಕ್ಸ್ ಎಂಬ ಹೆಸರನ್ನು 1926ರಲ್ಲಿ ಅಮೆರಿಕದ ಹೆರಾಲ್ಡ್ ಕಮಿನ್ಸ್ ಮತ್ತು ಚಾರ್ಲ್ಸ್ ಮಿಡ್ಲೊ ಕೊಟ್ಟರು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಅಂಗೈಯಲ್ಲಿ ಎಟಿಡಿ ಕೋನ ಸರಾಸರಿಗಿಂತ ದೊಡ್ಡದಾಗಿರುತ್ತದೆ, ಅಂಗೈಗೆ ಅಡ್ಡಲಾಗಿ ಒಂದೇ ಮಡಿಕೆ ಇರುವುದು ಅವರಲ್ಲಿ ಹೆಚ್ಚು. ಒಟ್ಟು ಏಣೆಣಿಕೆ ತಂದೆ ತಾಯಿಯಿಂದ ಬಲವಾಗಿ ಇಳಿದು ಬರುವ ಗುಣ. ಇವೆಲ್ಲ ಗಟ್ಟಿಯಾಗಿ ಸಾಬೀತಾದ ಸಂಗತಿಗಳು. ಆದರೆ ಡೌನ್ ಸಿಂಡ್ರೋಮನ್ನು ಖಚಿತಪಡಿಸುವುದು ಕ್ರೋಮೊಸೋಮ್ ಪರೀಕ್ಷೆ. ಅಂಗೈ ನೋಡಿ ಯಾವ ವೈದ್ಯರೂ ರೋಗ ನಿರ್ಣಯ ಮಾಡುವುದಿಲ್ಲ. ನೂರಾರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ಒಂದು ಮಗುವಿನ ಬಗ್ಗೆ ಹೇಳುವುದು ಬಹಳ ಕಡಿಮೆ. ಜನ್ಮಜಾತ ತೊಂದರೆಯ ವಿಷಯದಲ್ಲೇ ಹೀಗಿರುವಾಗ ಸಂಗೀತದ ಒಲವು, ಗಣಿತದ ಜಾಣ್ಮೆಯ ಮಾತು ಇನ್ನೂ ದೂರ.

ವರದಿ ಹಳಿ ತಪ್ಪುವುದು ಇದರ ಮುಂದಿನ ಪುಟದಲ್ಲಿ. ಒಂದೊಂದು ಬೆರಳಿಗೆ ಮಿದುಳಿನ ಒಂದೊಂದು ಭಾಗವನ್ನು ಗಂಟುಹಾಕಿರುತ್ತಾರೆ. ಹೆಬ್ಬೆರಳಿಗೆ ಪ್ರೀಫ್ರಂಟಲ್, ತೋರುಬೆರಳಿಗೆ ಫ್ರಂಟಲ್, ನಡುಬೆರಳಿಗೆ ಪೆರೈಟಲ್, ಉಂಗುರಬೆರಳಿಗೆ ಟೆಂಪೊರಲ್, ಕಿರುಬೆರಳಿಗೆ ಆಕ್ಸಿಪಿಟಲ್. ಎಡಗೈ ಬಲ ಮಿದುಳಿಗೆ, ಬಲಗೈ ಎಡ ಮಿದುಳಿಗೆ. ಬಲ ಉಂಗುರಬೆರಳಿನಲ್ಲಿ ಏಣು ಹೆಚ್ಚಿದ್ದರೆ ಭಾಷೆ ಚೆನ್ನಾಗಿ ಬರುತ್ತದೆ, ಎಡ ಉಂಗುರಬೆರಳಾದರೆ ಸಂಗೀತ, ಬಲ ತೋರುಬೆರಳಾದರೆ ತರ್ಕ ಎಂದು ಬರೆದಿರುತ್ತಾರೆ.

ಈ ನಕಾಶೆಗೆ ಆಧಾರವಾಗಿ ಹೆಚ್ಚಿನ ಕರಪತ್ರಗಳು ಕೆನಡಾದ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಹೆಸರು ಹೇಳುತ್ತವೆ. ಪೆನ್‌ಫೀಲ್ಡ್ ಮಾಂಟ್ರಿಯಲ್‌ನಲ್ಲಿ ಮೂರ್ಛೆರೋಗಿಗಳ ಶಸ್ತ್ರಚಿಕಿತ್ಸೆ ಮಾಡುವಾಗ, ಎಚ್ಚರವಿದ್ದ ರೋಗಿಗಳ ಮಿದುಳಿನ ಮೇಲ್ಮೈಗೆ ಸಣ್ಣ ವಿದ್ಯುತ್ ತಾಕಿಸಿ ದೇಹದ ಯಾವ ಭಾಗದಲ್ಲಿ ಜುಮ್ಮೆನ್ನುತ್ತದೆ ಎಂದು ಕೇಳಿ ಬರೆದುಕೊಂಡದ್ದು ನಿಜ. ಅವರಿಗೆ ಸಿಕ್ಕ ನಕಾಶೆ ಏನು ಹೇಳುತ್ತದೆ ಎಂದು ನೋಡಿ. ಒಂದು ಕೈಯ ಐದೂ ಬೆರಳುಗಳ ಸ್ಪರ್ಶ ಬಂದು ಸೇರುವುದು ಪೆರೈಟಲ್ ಹಾಲೆಯ (ಹಾಲೆ ಎಂದರೆ ಮಿದುಳಿನ ಒಂದು ದೊಡ್ಡ ಭಾಗ) ಮುಂಚೂಣಿಯ ಒಂದೇ ಪಟ್ಟಿಯಲ್ಲಿ, ಅಕ್ಕಪಕ್ಕದಲ್ಲಿ. ಬೆರಳುಗಳನ್ನು ಆಡಿಸುವ ಆಜ್ಞೆ ಹೊರಡುವುದು ಅದರ ಮುಂದಿರುವ, ಫ್ರಂಟಲ್ ಹಾಲೆಯ ಹಿಂದಿನ ಪಟ್ಟಿಯಿಂದ. ಐದೂ ಬೆರಳುಗಳದ್ದು ಅದೇ ಎರಡು ಪಟ್ಟಿಗಳು. ತಲೆಯ ಹಿಂಭಾಗದ ಆಕ್ಸಿಪಿಟಲ್ ಹಾಲೆ ನೋಟದ ಕೆಲಸ ಮಾಡುವ ಜಾಗ. ಕಿರುಬೆರಳಿಗೂ ಅದಕ್ಕೂ ವಿಶೇಷ ನಂಟನ್ನು ಪೆನ್‌ಫೀಲ್ಡ್ ಕಂಡಿರಲಿಲ್ಲ, ಆಮೇಲೆ ಬಂದ ಎಂಆರ್‌ಐ ಅಧ್ಯಯನಗಳೂ ಕಾಣಲಿಲ್ಲ. ಕರಪತ್ರ ಸಾಕ್ಷಿಯಾಗಿ ಕರೆದ ನಕಾಶೆಯೇ ಕರಪತ್ರದ ವಿರುದ್ಧ ಸಾಕ್ಷಿ ಹೇಳುತ್ತದೆ.

ಇನ್ನೆರಡು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಒಂದು 1981ರ ನೊಬೆಲ್ ಪಡೆದ ರೋಜರ್ ಸ್ಪೆರ್ರಿ, ಇನ್ನೊಂದು 1986ರ ನೊಬೆಲ್ ಪಡೆದ ರೀಟಾ ಲೆವಿ ಮೊಂಟಲ್ಚಿನಿ. ಲೆವಿ ಮೊಂಟಲ್ಚಿನಿ ಕಂಡುಹಿಡಿದದ್ದು ನರಕೋಶಗಳನ್ನು ಬೆಳೆಸುವ ಪ್ರೋಟೀನು. ಅವರೊಂದಿಗೆ ಪ್ರಶಸ್ತಿ ಹಂಚಿಕೊಂಡ ಸ್ಟ್ಯಾನ್ಲಿ ಕೊಹೆನ್ ಕಂಡುಹಿಡಿದದ್ದು ಚರ್ಮದ ಹೊರಪದರದ ಕೋಶಗಳನ್ನು ಬೆಳೆಸುವ ಪ್ರೋಟೀನು. ನವಜಾತ ಇಲಿಮರಿಗಳ ಕಣ್ಣೆವೆ ಬೇಗ ತೆರೆದುಕೊಂಡದ್ದೇ ಅವರಿಗೆ ಸಿಕ್ಕ ಸುಳಿವು. ಒಂದು ನರದ್ದು, ಒಂದು ಚರ್ಮದ್ದು, ಪ್ರಶಸ್ತಿ ಒಂದೇ. ಇಷ್ಟನ್ನು ಹಿಡಿದುಕೊಂಡು ಬೆರಳಚ್ಚಿಗೂ ಮಿದುಳಿಗೂ ಸಂಬಂಧವಿದೆ ಎಂದು ನೊಬೆಲ್ ಸಮಿತಿಯೇ ಒಪ್ಪಿದೆ ಎಂದು ಬರೆಯುತ್ತಾರೆ. ಆ ಸಂಶೋಧನೆಯಲ್ಲಿ ಬೆರಳಚ್ಚಿನ ಮಾತೇ ಇಲ್ಲ.

ಕೌನ್ಸೆಲಿಂಗ್ ಮಾಡುವವರು ಹೇಳುವ ಇನ್ನೊಂದು ವಾದ ಕೇಳಲು ಸರಿಯೆನಿಸುತ್ತದೆ: ಭ್ರೂಣದಲ್ಲಿ ಚರ್ಮವೂ ಮಿದುಳೂ ಒಂದೇ ಹೊರಪದರದಿಂದ ಹುಟ್ಟುತ್ತವೆ, ಒಂದೇ ಕಾಲದಲ್ಲಿ ಬೆಳೆಯುತ್ತವೆ, ಹಾಗಾಗಿ ಒಂದರ ಗುರುತು ಇನ್ನೊಂದರಲ್ಲಿ ಇರಲೇಬೇಕು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಇಡೀ ಪರೀಕ್ಷೆ ನಿಂತಿರುವುದು ಈ ಒಂದು ಕಂಬದ ಮೇಲೆ.

ಹೊರಪದರದಿಂದ ಹುಟ್ಟುವುದು ಚರ್ಮ ಮತ್ತು ಮಿದುಳು ಮಾತ್ರವಲ್ಲ. ಕೂದಲು, ಉಗುರು, ಬೆವರುಗ್ರಂಥಿ, ಹಲ್ಲಿನ ಎನಾಮೆಲ್, ಕಣ್ಣಿನ ಮಸೂರ, ಇವೆಲ್ಲವೂ ಅಲ್ಲಿಂದಲೇ. ಮಿದುಳಾಗಬೇಕಾದ ಕೋಶಗಳು ಮೂರನೆಯ ವಾರದಲ್ಲೇ ಬೇರೆಯಾಗುತ್ತವೆ, ಸುಮಾರು 28ನೇ ದಿನಕ್ಕೆ ನರನಳಿಕೆ ಮುಚ್ಚಿಕೊಳ್ಳುತ್ತದೆ. ಬೆರಳ ತುದಿಯಲ್ಲಿ ಏಣುಗಳು ಮೂಡಲು ಶುರುವಾಗುವುದು ಹತ್ತನೆಯ ವಾರದ ಹೊತ್ತಿಗೆ, ಅಂದರೆ ದಾರಿ ಕವಲೊಡೆದು ಆರು ವಾರಗಳಾದ ಮೇಲೆ. ಅಷ್ಟೇ ಅಲ್ಲ, ಗುರುತು ಚಕ್ರವಾಗಬೇಕೋ ಶಂಖವಾಗಬೇಕೋ ಎಂಬುದು ಬಹಳಷ್ಟು ಮಟ್ಟಿಗೆ ನಿಂತಿರುವುದು ಆಗ ಬೆರಳ ತುದಿಯಲ್ಲಿ ಉಬ್ಬಿರುವ ಪುಟ್ಟ ದಿಂಬುಗಳ ಆಕಾರದ ಮೇಲೆ. ದಿಂಬು ಎತ್ತರವಾಗಿದ್ದರೆ ಚಕ್ರ, ತಗ್ಗಿದ್ದರೆ ಕಮಾನು. ಆ ದಿಂಬಿನ ಒಳತಿರುಳು ನಡುಪದರದಿಂದ ಬಂದದ್ದು, ಹೊರಪದರದಿಂದಲ್ಲ.

2022 ಮತ್ತು 2023ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳು ಈ ಚಿತ್ರವನ್ನು ಇನ್ನಷ್ಟು ಸ್ಪಷ್ಟಪಡಿಸಿದವು. ಮೊದಲನೆಯದು ಬೆರಳಚ್ಚಿನ ಬಗೆಯನ್ನು ಪ್ರಭಾವಿಸುವ ಜೀನುಗಳಲ್ಲಿ ಹಲವು ಕೈಕಾಲುಗಳನ್ನು ರೂಪಿಸುವ ಜೀನುಗಳೆಂದು ತೋರಿಸಿತು. ಎರಡನೆಯದು ಏಣುಗಳು ಮೂಡುವ ರೀತಿಯನ್ನೇ ವಿವರಿಸಿತು. ಚರ್ಮದಲ್ಲಿ ಒಂದು ಸಂಕೇತ ಬೆಳವಣಿಗೆಯನ್ನು ಹೆಚ್ಚಿಸುತ್ತದೆ, ಇನ್ನೊಂದು ತಡೆಯುತ್ತದೆ, ಎರಡರ ಹಗ್ಗಜಗ್ಗಾಟದಲ್ಲಿ ಅಲೆಗಳಂತೆ ಏಣುಗಳು ಹರಡುತ್ತವೆ. ಪ್ರಾಣಿಗಳ ಮೈಮೇಲಿನ ವಿನ್ಯಾಸಗಳಿಗೂ ಗಣಿತಜ್ಞ ಆಲನ್ ಟ್ಯೂರಿಂಗ್ ಇದೇ ಬಗೆಯ ವಿವರಣೆ ಸೂಚಿಸಿದ್ದರು. ಜೀನುಗಳು ಒಂದೇ ಇರುವ ಅವಳಿ ಮಕ್ಕಳ ಬೆರಳಚ್ಚೂ ಬೇರೆ ಬೇರೆಯಾಗಲು ಇದೇ ಕಾರಣ. ಅಲೆ ಎಲ್ಲಿಂದ ಹೊರಟಿತು, ದಿಂಬು ಎಷ್ಟಿತ್ತು ಎಂಬ ಸಣ್ಣ ವ್ಯತ್ಯಾಸವೇ ಗೆರೆಗಳನ್ನು ಬದಲಿಸುತ್ತದೆ.

ಹತ್ತೊಂಬತ್ತನೆಯ ವಾರದ ಹೊತ್ತಿಗೆ ಗುರುತು ಖಾಯಂ ಆಗುತ್ತದೆ. ಆಗ ಮಿದುಳು ಹೇಗಿರುತ್ತದೆ? ಮೇಲ್ಮೈ ಇನ್ನೂ ಹೆಚ್ಚುಕಡಿಮೆ ನುಣುಪು, ಬಹುಪಾಲು ಮಡಿಕೆಗಳು ಮೂಡುವುದು ಆಮೇಲೆ. ಹುಟ್ಟಿದ ಮಗುವಿನ ಮಿದುಳಿನ ತೂಕ 350ರಿಂದ 400 ಗ್ರಾಂ, ದೊಡ್ಡವರಾದಾಗ 1300ರಿಂದ 1400 ಗ್ರಾಂ. ಭಾಷೆ, ಓದು, ಲೆಕ್ಕ, ಸಂಗೀತ ಇವಕ್ಕೆ ಬೇಕಾದ ನರಸಂಪರ್ಕಗಳು ಹುಟ್ಟಿದ ಮೇಲೆ ಕಟ್ಟಿಕೊಳ್ಳುತ್ತವೆ, ಬಳಕೆಯಿಂದ ಗಟ್ಟಿಯಾಗುತ್ತವೆ, ಬೇಡವಾದವು ಉದುರುತ್ತವೆ. ಪ್ರೀಫ್ರಂಟಲ್ ಭಾಗದಲ್ಲಿ ಈ ಕೆಲಸ ಇಪ್ಪತ್ತರ ನಡುವಿನವರೆಗೂ ನಡೆಯುತ್ತದೆ. ಐದನೆಯ ತಿಂಗಳಿಗೇ ಅಚ್ಚಾಗಿ ನಿಂತ ಒಂದು ಚರ್ಮದ ಗುರುತು ಇಪ್ಪತ್ತು ವರ್ಷ ನಡೆಯುವ ಕೆಲಸದ ಫಲಿತಾಂಶವನ್ನು ಹೇಳುವುದು ಹೇಗೆ?

ಮಿದುಳಿಲ್ಲದೆ ಬೆರಳಚ್ಚಿಲ್ಲ, ಬೆರಳಚ್ಚಿಲ್ಲದೆ ಮಿದುಳಿಲ್ಲ ಎನ್ನುವವರಿಗೆ ಸ್ವಿಟ್ಜರ್ಲೆಂಡಿನ ಒಂದು ಕುಟುಂಬದ ಉದಾಹರಣೆ ಸಾಕು. ಆ ಕುಟುಂಬದ ಹಲವರಿಗೆ ಹುಟ್ಟಿನಿಂದಲೇ ಬೆರಳಚ್ಚಿಲ್ಲ, ನಯವಾದ ತುದಿ. ಎಸ್‌ಎಂಎಆರ್‌ಸಿಎಡಿ1 ಎಂಬ ಜೀನಿನ ದೋಷ ಅದಕ್ಕೆ ಕಾರಣವೆಂದು 2011ರಲ್ಲಿ ಪತ್ತೆಯಾಯಿತು. ಅವರ ಮಿದುಳಿಗೆ ಏನೂ ಆಗಿಲ್ಲ. ಅವರಿಗಿರುವ ತೊಂದರೆ ವಿಮಾನ ನಿಲ್ದಾಣದ ವಲಸೆ ಕೌಂಟರಿನಲ್ಲಿ. ಇನ್ನು ಕೋಲಾ ಎಂಬ ಆಸ್ಟ್ರೇಲಿಯಾದ ಪ್ರಾಣಿಗೆ ನಮ್ಮಂಥದೇ ಬೆರಳಚ್ಚಿದೆ. ಏಣುಗಳ ಕೆಲಸ ಹಿಡಿತ ಮತ್ತು ಸ್ಪರ್ಶ.

ಈಗ ವರದಿಯ ಅಂಕಿಗಳಿಗೆ ಬರೋಣ. ನಿಮ್ಮ ಕೈಯಲ್ಲಿ ವರದಿಯಿದ್ದರೆ ತೆರೆದಿಟ್ಟುಕೊಳ್ಳಿ. ಶೇಕಡಾವಾರು ಅಂಕಿಗಳ ಪುಟದಲ್ಲಿ ಹತ್ತು ಭಾಗಗಳದ್ದನ್ನು ಕೂಡಿಸಿ, 100 ಬರುತ್ತದೆ. ಅಂದರೆ ಆ ಅಂಕಿಗಳು ಮಗುವನ್ನು ಬೇರೆ ಮಕ್ಕಳೊಂದಿಗೆ ಹೋಲಿಸುವುದೇ ಇಲ್ಲ, ಒಂದೇ ಮೊತ್ತವನ್ನು ಹತ್ತು ಪಾಲು ಮಾಡುತ್ತವೆ. ಸರಾಸರಿ ಪಾಲು 10. ಯಾವ ಮಗುವಿನದಾದರೂ ಕೆಲವು ಬೆರಳು ಹತ್ತರ ಮೇಲೆ, ಕೆಲವು ಕೆಳಗೆ ಇದ್ದೇ ಇರುತ್ತವೆ. ಹಾಗಾಗಿ ಪ್ರತಿ ಮಗುವಿಗೂ ‘ಪ್ರಬಲ’ ಬುದ್ಧಿಶಕ್ತಿ ಒಂದೆರಡು, ‘ಗಮನ ಕೊಡಬೇಕಾದ’ ಬುದ್ಧಿಶಕ್ತಿ ಒಂದೆರಡು ಸಿಕ್ಕೇ ಸಿಗುತ್ತವೆ. ಸರಿಯಾದ ಮನೋಮಾಪನದಲ್ಲಿ ಅಂಕ ಸಿಗುವುದು ಅದೇ ವಯಸ್ಸಿನ ನೂರಾರು ಮಕ್ಕಳ ಸಾಧನೆಗೆ ಹೋಲಿಸಿ. ಆ ಹೋಲಿಕೆಯ ಪಟ್ಟಿಯನ್ನು ಕೇಳಿ ನೋಡಿ, ವಯಸ್ಸುವಾರು ಕನ್ನಡ ಮಕ್ಕಳ ಪಟ್ಟಿ ಇದೆಯೇ ಎಂದು.

ಎಣಿಕೆಯೂ ಅಷ್ಟು ಭದ್ರವಲ್ಲ. ಒಂದು ಲೆಕ್ಕ ಮಾಡೋಣ. ಒಟ್ಟು ಏಣೆಣಿಕೆ 130, ಬಲ ಉಂಗುರಬೆರಳಿನದು 16 ಎಂದಿಟ್ಟುಕೊಳ್ಳಿ. ಪಾಲು ಶೇ 12.3, ಭಾಷೆ ಮೇಲಿನ ಸಾಲಿನಲ್ಲಿ ನಿಲ್ಲುತ್ತದೆ. ಮಗು ಬೆರಳನ್ನು ಪೂರ್ತಿ ಹೊರಳಿಸದೆ ಡೆಲ್ಟಾ ಅರ್ಧ ತಪ್ಪಿತು, ಎಣಿಸಿದವರಿಗೆ 13 ಸಿಕ್ಕಿತು ಎಂದುಕೊಳ್ಳಿ. ಒಟ್ಟು 127, ಪಾಲು ಶೇ 10.2. ಭಾಷೆ ಮಧ್ಯಮ ಸಾಲಿಗೆ ಇಳಿಯುತ್ತದೆ. ಮಕ್ಕಳ ಬೆರಳು ಚಿಕ್ಕದು, ಏಣುಗಳು ಒತ್ತೊತ್ತಾಗಿರುತ್ತವೆ. ಬೆವರಿದ್ದರೆ ಗೆರೆ ಕಲೆಸಿಕೊಳ್ಳುತ್ತದೆ, ಚರ್ಮ ಒಣಗಿದ್ದರೆ ಗೆರೆ ತುಂಡಾಗುತ್ತದೆ, ಜೋರಾಗಿ ಒತ್ತಿದರೆ ಎರಡು ಏಣು ಒಂದಾಗುತ್ತವೆ. ಚಕ್ರದಲ್ಲಿ ಎರಡು ಡೆಲ್ಟಾ ಇರುವುದರಿಂದ ದೊಡ್ಡ ಎಣಿಕೆಯನ್ನಷ್ಟೇ ತೆಗೆದುಕೊಳ್ಳಬೇಕೇ, ಎರಡನ್ನೂ ಕೂಡಿಸಬೇಕೇ ಎಂಬುದಕ್ಕೆ ಎರಡು ಪದ್ಧತಿಗಳಿವೆ, ಉತ್ತರವೂ ಬೇರೆ ಬೇರೆ. ಕಮಾನಿಗೆ ಎಣಿಕೆ ಸೊನ್ನೆ. ಏಣು ಎಂದರೆ ಸಾಮರ್ಥ್ಯ ಎಂಬ ನಿಯಮವನ್ನು ಹಾಗೇ ಬಳಸಿದರೆ ಕಮಾನಿರುವ ಮಗುವಿಗೆ ಆ ಹಾಲೆಯಲ್ಲಿ ಸಾಮರ್ಥ್ಯವೇ ಇಲ್ಲ ಎಂದಾಗಬೇಕು. ಅದನ್ನು ತಪ್ಪಿಸಲು ಕಮಾನಿಗೆ ‘ಸ್ಪಂಜಿನಂತೆ ಹೀರಿಕೊಳ್ಳುವ ಮಗು’ ಎಂಬ ಬೇರೆ ವಿವರಣೆ ಇಟ್ಟಿರುತ್ತಾರೆ. ಸಿದ್ಧಾಂತ ಎಲ್ಲಿ ಒಡೆಯುತ್ತದೋ ಅಲ್ಲಿ ತೇಪೆ ಹಾಕಿದಂತೆ.

ಕೆಲವು ವರದಿಗಳು ಇನ್ನೂ ಮುಂದೆ ಹೋಗಿ ಏಣೆಣಿಕೆಯಿಂದ ನರಕೋಶಗಳ ಪ್ರಮಾಣ ತಿಳಿಯುತ್ತದೆ ಎನ್ನುತ್ತವೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂಬ ಇಂದಿನ ಅಂದಾಜು ಸಿಕ್ಕಿದ್ದು 2009ರಲ್ಲಿ, ಬ್ರೆಜಿಲ್‌ನ ಸಂಶೋಧಕರಿಂದ. ತೀರಿಕೊಂಡವರ ಮಿದುಳಿನ ಅಂಗಾಂಶವನ್ನು ದ್ರಾವಣವಾಗಿ ಕರಗಿಸಿ, ಕೋಶಕೇಂದ್ರಗಳಿಗೆ ಬಣ್ಣ ಕೊಟ್ಟು ಎಣಿಸಿದರು. ಅದರಲ್ಲಿ ಸುಮಾರು 6,900 ಕೋಟಿ ಇರುವುದು ತಲೆಯ ಹಿಂದೆ ಕೆಳಗಿರುವ ಪುಟ್ಟ ಸೆರೆಬೆಲ್ಲಮ್‌ನಲ್ಲಿ, ವರದಿಯಲ್ಲಿ ಯಾವ ಬೆರಳಿಗೂ ಗಂಟುಹಾಕದ ಭಾಗದಲ್ಲಿ. ಬದುಕಿರುವ ಮಗುವಿನ ನರಕೋಶಗಳನ್ನು ಎಣಿಸುವ ಯಂತ್ರ ಇನ್ನೂ ಬಂದಿಲ್ಲ. ಎಂಆರ್‌ಐ ಕೂಡ ಎಣಿಸಲಾರದು.

ಉಳಿದ ಪುಟಗಳನ್ನು ಬೇಗ ಮುಗಿಸಬಹುದು. ಎಡ ಮಿದುಳಿನವರು, ಬಲ ಮಿದುಳಿನವರು ಎಂಬ ವಿಂಗಡಣೆ ಸ್ಪೆರ್ರಿಯ ಹೆಸರಿನಲ್ಲಿ ಬರುತ್ತದೆ. ಸ್ಪೆರ್ರಿ ನೋಡಿದ್ದು ಎರಡು ಗೋಳಾರ್ಧಗಳ ನಡುವಿನ ಸೇತುವೆಯನ್ನೇ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿದ್ದ ರೋಗಿಗಳನ್ನು. ಭಾಷೆಗೆ ಹೆಚ್ಚಿನವರಲ್ಲಿ ಎಡಭಾಗ ಮುಖ್ಯ ಎಂಬುದು ನಿಜ. ಆದರೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ 7ರಿಂದ 29 ವರ್ಷದ 1,011 ಜನರ ಮಿದುಳಿನ ಸ್ಕ್ಯಾನ್ ನೋಡಿದಾಗ, ಇಡೀ ಮಿದುಳೇ ಒಂದು ಬದಿಗೆ ವಾಲಿರುವ ಜನ ಎಂಬ ಗುಂಪು ಕಾಣಲಿಲ್ಲ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂಬ ಪುಟದ ಕಥೆಯೂ ಅಷ್ಟೇ. ಮಗುವಿನ ‘ಶೈಲಿ’ಗೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆಯಿಲ್ಲ ಎಂದು 2008ರಲ್ಲಿ ನಾಲ್ವರು ಮನೋವಿಜ್ಞಾನಿಗಳು ಇದ್ದಬದ್ದ ಸಂಶೋಧನೆಯನ್ನೆಲ್ಲ ಜಾಲಾಡಿ ಹೇಳಿದರು. ಹದ್ದು, ನವಿಲು, ಪಾರಿವಾಳ, ಗೂಬೆ ಎಂಬ ಸ್ವಭಾವದ ಚಿತ್ರಗಳು ಮಕ್ಕಳಿಗೆ ಇಷ್ಟವಾಗುತ್ತವೆ, ಅಷ್ಟೇ.

ಹಾಗಿದ್ದರೂ ವರದಿ ಓದಿದ ಅನೇಕ ತಂದೆ ತಾಯಿ ‘ನಮ್ಮ ಮಗುವನ್ನು ಕಂಡೇ ಬರೆದಂತಿದೆ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಹಾಗೆ ಅನ್ನಿಸುವುದು ಸಹಜ. ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ‘ನಿಮ್ಮದೇ’ ಎಂದು ವರದಿ ಕೊಟ್ಟರು. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಹಾಕಲು ಹೇಳಿದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದ ವರದಿ ಒಂದೇ, ಅದರ ವಾಕ್ಯಗಳು ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದವು. ‘ಆಸಕ್ತಿ ಇದ್ದಾಗ ಚೆನ್ನಾಗಿ ಗಮನ ಕೊಡುತ್ತದೆ, ಬೇಸರವಾದರೆ ಚಂಚಲವಾಗುತ್ತದೆ’ ಎಂಬ ವಾಕ್ಯ ಯಾವ ಮಗುವಿಗೆ ಹೊಂದುವುದಿಲ್ಲ?

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅಪಾರ್ಟ್‌ಮೆಂಟಿನಲ್ಲೋ ತರಗತಿಯಲ್ಲೋ ಈಗಾಗಲೇ ವರದಿ ಮಾಡಿಸಿರುವ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಐದು ಮಕ್ಕಳನ್ನು ಹುಡುಕಿ. ವಿವರಣೆಯ ಪುಟಗಳಷ್ಟನ್ನು ಜೆರಾಕ್ಸ್ ಮಾಡಿಸಿ, ಹೆಸರು, ವಯಸ್ಸು, ಗಂಡು ಹೆಣ್ಣು ತಿಳಿಸುವ ಪದಗಳನ್ನು ಕಪ್ಪು ಪೆನ್ನಿನಿಂದ ಹೊಡೆದುಹಾಕಿ, ಅ ಇಂದ ಉ ವರೆಗೆ ಗುರುತು ಹಾಕಿ. ವರದಿಯ ಅಂಕಿಗಳು ನೆನಪಿರುವ ಪೋಷಕರನ್ನು ಬಿಟ್ಟು ಮಗುವನ್ನು ಚೆನ್ನಾಗಿ ಬಲ್ಲ ಅಜ್ಜ, ಅಜ್ಜಿ, ಚಿಕ್ಕಮ್ಮ, ಕ್ಲಾಸ್ ಟೀಚರ್ ಇಂಥವರಿಗೆ ಐದನ್ನೂ ಕೊಟ್ಟು, ನಿಮ್ಮ ಮಗುವಿನದು ಯಾವುದು ಆರಿಸಿ ಎನ್ನಿ. ಸುಮ್ಮನೆ ಊಹಿಸಿದರೂ ಐವರಲ್ಲಿ ಸರಾಸರಿ ಒಬ್ಬರು ಸರಿಯಾಗುತ್ತಾರೆ. ವರದಿಯಲ್ಲಿ ಹುರುಳಿದ್ದರೆ ನಾಲ್ಕೈದು ಜನ ಸರಿಯಾಗಬೇಕು.

ಇದೇ ಕೇಂದ್ರಗಳಲ್ಲಿ ಎಷ್ಟೋ ಕಡೆ ಮಾರುವ ಇನ್ನೊಂದು ಸೇವೆ ಮಿಡ್‌ಬ್ರೇನ್ ಆಕ್ಟಿವೇಶನ್. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಗು ಪುಸ್ತಕ ಓದುತ್ತದೆ, ಬಣ್ಣ ಹೇಳುತ್ತದೆ ಎಂದು ತೋರಿಸುತ್ತಾರೆ. ಮಿಡ್‌ಬ್ರೇನ್, ಅಂದರೆ ನಡುಮಿದುಳು, ಮಿದುಳಿನ ಕಾಂಡದ ಮೇಲ್ತುದಿಯಲ್ಲಿ ಸುಮಾರು 2 ಸೆಂಟಿಮೀಟರ್ ಉದ್ದದ ಭಾಗ. ಕಣ್ಣುಗಳ ಚಲನೆ, ಬೆಳಕಿಗೆ ಪಾಪೆ ಕಿರಿದಾಗುವುದು, ಸದ್ದಿನ ಕಡೆಗೆ ತಲೆ ತಿರುಗುವುದು, ಎಚ್ಚರವಾಗಿರುವುದು, ಎಲ್ಲಕ್ಕೂ ಅದು ಬೇಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ಡೋಪಮಿನ್ ಕೋಶಗಳು ಇರುವುದೂ ಅಲ್ಲಿಯೇ. ನಿಮ್ಮ ಮಗುವಿನ ಕಣ್ಣಿಗೆ ಟಾರ್ಚ್ ಹಿಡಿದಾಗ ಪಾಪೆ ಕಿರಿದಾದರೆ ನಡುಮಿದುಳು ತನ್ನ ಕೆಲಸ ಮಾಡುತ್ತಿದೆ. ಅದು ನಿಜವಾಗಿ ನಿಷ್ಕ್ರಿಯವಾದ ಮಗು ಐಸಿಯುನಲ್ಲಿ ಕೋಮಾದಲ್ಲಿ ಇರುತ್ತದೆ.

ಕಣ್ಣುಪಟ್ಟಿಯ ಓದು ಮೂಗಿನ ಪಕ್ಕದ ಸಂದಿನಿಂದ ಆಗುತ್ತದೆ. ಮೂಗಿನ ಬದಿಗೂ ಕೆನ್ನೆಗೂ ನಡುವೆ ಬಟ್ಟೆ ಎಂದೂ ಪೂರ್ತಿ ಕೂರುವುದಿಲ್ಲ. ಮಗು ಗಲ್ಲ ಮೇಲೆತ್ತುವುದು, ಪುಸ್ತಕವನ್ನು ಎದೆಯ ಹತ್ತಿರ ಕೆಳಗೆ ಹಿಡಿಯುವುದು, ಮುಟ್ಟಿ ನೋಡುವ ನೆಪದಲ್ಲಿ ಪಟ್ಟಿ ಸರಿಮಾಡಿಕೊಳ್ಳುವುದು, ಇವನ್ನು ಗಮನಿಸಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ವರ್ಷಗಟ್ಟಲೆ ಸಾರ್ವಜನಿಕವಾಗಿ ಬಯಲಿಗೆಳೆದಿದ್ದಾರೆ. ಪರೀಕ್ಷಿಸಬೇಕೆಂದರೆ ಈಜುವ ಗಾಗಲ್ಸ್‌ನ ಗಾಜಿಗೆ ಒಳಗಿನಿಂದ ಕಪ್ಪು ಇನ್ಸುಲೇಶನ್ ಟೇಪ್ ಹಚ್ಚಿ ತೊಡಿಸಿ, ಅಥವಾ ಗಲ್ಲದ ಕೆಳಗೆ ಒಂದು ಅಗಲವಾದ ರಟ್ಟು ಹಿಡಿದು ಪುಸ್ತಕವನ್ನು ಅದರ ಕೆಳಗಿಡಿ, ಇಲ್ಲವೇ ಪುಸ್ತಕವನ್ನು ಮಗುವಿನ ತಲೆಯ ಹಿಂದೆ ತೆರೆದು ಹಿಡಿಯಿರಿ. ಮಗುವನ್ನು ಎಲ್ಲರೆದುರು ಸಿಕ್ಕಿಬೀಳಿಸಬೇಡಿ. ಇಣುಕಿ ನೋಡಿದ್ದನ್ನು ಮುಚ್ಚಿಟ್ಟುಕೊಳ್ಳಲು ಅದಕ್ಕೆ ದೊಡ್ಡವರೇ ಕಲಿಸಿದ್ದಾರೆ, ಅಪ್ಪ ಅಮ್ಮನ ಸಂತೋಷ ಕಂಡು ಅದು ಮುಂದುವರಿಸಿದೆ. ಈ ಸೇವೆಯ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಇಲ್ಲಿ.

ಡಿಎಂಐಟಿಯಿಂದ ಆಗುವ ಹಾನಿ ಸದ್ದಿಲ್ಲದ್ದು. ಮೂರನೆಯ ತರಗತಿಯ ಮಗು ಅಕ್ಷರ ಕೂಡಿಸಿ ಓದಲು ಒದ್ದಾಡುತ್ತಿದೆ, ವರದಿಯಲ್ಲಿ ‘ಮಾಡಿ ಕಲಿಯುವ ಮಗು, ಭಾಷೆ ಕಡಿಮೆ’ ಎಂದಿದೆ. ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ನಿಜವಾದ ಕಾರಣ ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆ ಆಗಿರಬಹುದು, ಕನ್ನಡಕ ಬೇಕಾಗಿರಬಹುದು, ಒಂದು ಕಿವಿ ಮಂದವಾಗಿರಬಹುದು. ಒಂದೆರಡು ವರ್ಷ ಕೈತಪ್ಪಿಹೋಗುತ್ತದೆ. ಹತ್ತನೆಯ ತರಗತಿ ಮುಗಿಸಿದ ಹುಡುಗಿಗೆ ಲೆಕ್ಕ ಇಷ್ಟ, ವರದಿಯಲ್ಲಿ ತರ್ಕದ ಪಾಲು ಶೇ 8.9. ಪಿಸಿಎಂಬಿ ಬೇಡ ಎಂದು ಮನೆಯಲ್ಲಿ ತೀರ್ಮಾನವಾಗುತ್ತದೆ.

ಮಗುವಿನ ಕಲಿಕೆಯ ಬಗ್ಗೆ ಚಿಂತೆಯಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿ. ಮಾತು, ಶ್ರವಣದ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಲಿಕೆ, ಗಮನ, ನಡವಳಿಕೆಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಇಲ್ಲವೇ ಹತ್ತಿರದ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗ. ಖಾಸಗಿಯಾಗಿ ತೋರಿಸುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಅಲ್ಲಿ ಮಗು ಕೆಲಸ ಮಾಡುತ್ತದೆ: ಓದುತ್ತದೆ, ಬರೆಯುತ್ತದೆ, ಅಂಕಿಗಳನ್ನು ಹಿಂದುಮುಂದಾಗಿ ಹೇಳುತ್ತದೆ, ಚಿತ್ರ ಜೋಡಿಸುತ್ತದೆ. ಒಂದೇ ದಿನದಲ್ಲಿ ಮುಗಿಯದೆ ಎರಡು ಮೂರು ಬಾರಿ ಕರೆಯಬಹುದು. ಬಳಸುವ ಪರೀಕ್ಷೆಗಳಲ್ಲಿ ಬುದ್ಧಿಶಕ್ತಿ ಅಳೆಯುವ ಬಿನೆ ಕಾಮತ್ ಒಂದು. ಇದರ ಬೇರು ನಮ್ಮ ನೆಲದಲ್ಲೇ ಇದೆ. ವಿ.ವಿ. ಕಾಮತ್ ಎಂಬವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿಯೇ ಬಿನೆ ಮಾಪಕವನ್ನು ಪರಿಷ್ಕರಿಸಿದರು. ಕಲಿಕಾ ನ್ಯೂನತೆಗೆ ನಿಮ್ಹಾನ್ಸ್‌ನದೇ ಆದ ಪರೀಕ್ಷಾ ಸರಣಿಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಪಟ್ಟಿಯಲ್ಲಿ ಸೇರಿಸಿದೆ. 8 ವರ್ಷದ ನಂತರ ಪ್ರಮಾಣಪತ್ರ ಪಡೆದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳಬಹುದು. ಡಿಎಂಐಟಿ ವರದಿಯನ್ನು ಅದಕ್ಕೆ ಯಾರೂ ಒಪ್ಪುವುದಿಲ್ಲ. ಪಿಯುಸಿ ಆಯ್ಕೆಗಾದರೆ ಮಗು ಕೂತು ಉತ್ತರ ಬರೆಯುವ ಸಾಮರ್ಥ್ಯ ಪರೀಕ್ಷೆ, ಕಳೆದ ಮೂರು ವರ್ಷದ ವಿಷಯವಾರು ಅಂಕ, ಮತ್ತು ಯಾರೂ ಹೇಳದೆಯೇ ಮಗು ತೆರೆಯುವ ಪುಸ್ತಕ ಯಾವುದು ಎಂಬುದು ಸಾಕಷ್ಟು ಹೇಳುತ್ತವೆ.

ಕೊನೆಯದಾಗಿ ಹೆಚ್ಚಿನವರು ಯೋಚಿಸದ ಒಂದು ವಿಷಯ. ಮಗುವಿನ ಹತ್ತೂ ಬೆರಳಚ್ಚು, ಹೆಸರು, ಹುಟ್ಟಿದ ದಿನ, ನಿಮ್ಮ ಫೋನ್ ನಂಬರ್, ಎಲ್ಲ ಯಾರದೋ ಲ್ಯಾಪ್‌ಟಾಪಿಗೆ, ಅಲ್ಲಿಂದ ಸರ್ವರಿಗೆ ಹೋಗಿರುತ್ತದೆ. ಪಾಸ್‌ವರ್ಡ್ ಬದಲಿಸಬಹುದು, ಬೆರಳು ಬದಲಿಸಲಾಗುವುದಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ನಕಲು ಮಾಡಿ ಆಧಾರ್ ಆಧಾರಿತ ಪಾವತಿಯ ಮೂಲಕ ಬ್ಯಾಂಕ್ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಸ್ಕ್ಯಾನ್ ಆಗಿಹೋಗಿದ್ದರೆ ಮೂಲ ಚಿತ್ರಗಳನ್ನು ಅಳಿಸಿ, ಅಳಿಸಿದ್ದನ್ನು ದೃಢಪಡಿಸಿ ಎಂದು ಇಮೇಲಿನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಮಗುವಿನ ಆಧಾರ್‌ನಲ್ಲಿ ಬಯೊಮೆಟ್ರಿಕ್ ದಾಖಲಾಗಿದ್ದರೆ, ಅಂದರೆ 5 ವರ್ಷ ದಾಟಿದ ಮೇಲೆ ಅದನ್ನು ಸೇರಿಸಿದ್ದರೆ, ಆಧಾರ್ ಜಾಲತಾಣದಲ್ಲಿ ಬಯೊಮೆಟ್ರಿಕ್ ಲಾಕ್ ಹಾಕಿ. ದುಡ್ಡು ಹಿಂದಕ್ಕೆ ಬೇಕೆಂದರೆ ಪೋಸ್ಟರ್, ರಸೀದಿ, ವರದಿ ಮೂರನ್ನೂ ಜೋಪಾನ ಮಾಡಿ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಈ ಮೊತ್ತದ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ.